ಹೈಡ್ರಾಲಿಕ್ ಕ್ಲಚ್ ಬಿಡಿಭಾಗಗಳ ಮರುಬಳಕೆ ಮತ್ತು ಬದಲಾವಣೆ

ಹೈಡ್ರಾಲಿಕ್ ಕ್ಲಚ್ ಬಿಡಿಭಾಗಗಳ ಮರುಬಳಕೆ ಮತ್ತು ಬದಲಾವಣೆ ಎಂಬುದು ಕಾರಿನ ಗೇರ್‌ಬಾಕ್ಸನ್ನು ಇಳಿಸಿ ದುರಸ್ತಿ ಮಾಡುವ ಸಂದರ್ಭದಲ್ಲಿ ಕ್ಲಚ್ಚಿನ ದ್ರವಚಾಲಿತ ಭಾಗಗಳ ಪೈಕಿ ಯಾವುದನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಯಾವುದನ್ನು ಹೊಸದಾಗಿ ಹಾಕಬೇಕು ಎಂಬುದನ್ನು ನಿರ್ಧರಿಸುವ ನಿರ್ವಹಣಾ ಕ್ರಮವಾಗಿದೆ. ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್, ಇವೆರಡನ್ನೂ ಸೇರಿಸುವ ಕೊಳವೆಗಳು, ರಬ್ಬರ್ ಸೀಲುಗಳು, ರಿಲೀಸ್ ಬೇರಿಂಗ್ ಮತ್ತು ದ್ರವ ಇದರ ವ್ಯಾಪ್ತಿಗೆ ಬರುತ್ತವೆ. ಈ ಭಾಗಗಳಲ್ಲಿ ಹೆಚ್ಚಿನವುಗಳ ಬೆಲೆ ಇಡೀ ಕೆಲಸದ ವೆಚ್ಚಕ್ಕೆ ಹೋಲಿಸಿದರೆ ಚಿಕ್ಕದು. ಆದರೆ ಗೇರ್‌ಬಾಕ್ಸಿನ ಒಳಭಾಗದಲ್ಲಿ ಅಡಗಿರುವ ಒಂದು ಸೀಲು ಕೆಲಸ ಮುಗಿದ ಕೆಲವೇ ವಾರಗಳಲ್ಲಿ ಸೋರಿದರೆ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸಬೇಕಾಗುತ್ತದೆ. ಆದ್ದರಿಂದ ಒಂದು ಭಾಗದ ಈಗಿನ ಸ್ಥಿತಿಯಷ್ಟೇ ಅದು ಇರುವ ಜಾಗವೂ ಈ ನಿರ್ಧಾರದಲ್ಲಿ ಮುಖ್ಯವಾಗುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಕೈಯಿಂದ ಗೇರ್ ಬದಲಿಸುವ ವಾಹನಗಳಲ್ಲಿ ಎಂಜಿನ್ನಿನ ಫ್ಲೈವೀಲ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ನಡುವೆ ಕ್ಲಚ್ ಇರುತ್ತದೆ. ಪ್ರೆಶರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗ್ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಬಲವಾಗಿ ಒತ್ತಿ ಹಿಡಿದಿರುತ್ತದೆ. ಚಾಲಕನು ಪೆಡಲ್ ತುಳಿದಾಗ ರಿಲೀಸ್ ಬೇರಿಂಗ್ ಆ ಸ್ಪ್ರಿಂಗಿನ ಬೆರಳುಗಳನ್ನು ಒತ್ತಿ ಕ್ಲಚ್ ಪ್ಲೇಟನ್ನು ಸಡಿಲಗೊಳಿಸುತ್ತದೆ. ಪೆಡಲಿನ ಒತ್ತಡವನ್ನು ರಿಲೀಸ್ ಬೇರಿಂಗಿಗೆ ಮುಟ್ಟಿಸುವ ಕೆಲಸವನ್ನು ಕೆಲವು ಕಾರುಗಳಲ್ಲಿ ಉಕ್ಕಿನ ಕೇಬಲ್ ಮಾಡುತ್ತದೆ. 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಇದಕ್ಕೆ ಪರಿಚಿತ ಉದಾಹರಣೆ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಈ ಕೆಲಸವನ್ನು ದ್ರವವು ಮಾಡುತ್ತದೆ.

ಪೆಡಲಿಗೆ ಜೋಡಿಸಿದ ಪುಶ್ ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನನ್ನು ತಳ್ಳುತ್ತದೆ. ಅಲ್ಲಿ ಉಂಟಾದ ಒತ್ತಡವು ಕೊಳವೆಯ ಮೂಲಕ ಸ್ಲೇವ್ ಸಿಲಿಂಡರನ್ನು ತಲುಪಿ ಅದರ ಪಿಸ್ಟನನ್ನು ಹೊರಕ್ಕೆ ದೂಡುತ್ತದೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲ್ ನಿಯಮವೇ ಇದಕ್ಕೆ ಆಧಾರ. ಉದಾಹರಣೆಗೆ, ಮಾಸ್ಟರ್ ಸಿಲಿಂಡರಿನ ಒಳವ್ಯಾಸ 15.9 ಮಿ.ಮೀ. ಹಾಗೂ ಸ್ಲೇವ್ ಸಿಲಿಂಡರಿನ ಒಳವ್ಯಾಸ 19 ಮಿ.ಮೀ. ಇದ್ದರೆ ಸ್ಲೇವ್ ಪಿಸ್ಟನಿನ ವಿಸ್ತೀರ್ಣ ಮಾಸ್ಟರ್ ಪಿಸ್ಟನಿನ ಸುಮಾರು 1.4 ಪಟ್ಟು ಆಗುತ್ತದೆ. ಬಲವು ಅಷ್ಟೇ ಪಟ್ಟು ಹೆಚ್ಚುತ್ತದೆ. ಚಲಿಸುವ ದೂರ ಅಷ್ಟೇ ಪಟ್ಟು ಕಡಿಮೆಯಾಗುತ್ತದೆ. ಮಾಸ್ಟರ್ ಪಿಸ್ಟನ್ 30 ಮಿ.ಮೀ. ಚಲಿಸಿದರೆ ಸ್ಲೇವ್ ಪಿಸ್ಟನ್ ಸುಮಾರು 21 ಮಿ.ಮೀ. ಮಾತ್ರ ಚಲಿಸುತ್ತದೆ. ಈ ಲೆಕ್ಕದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ವ್ಯವಸ್ಥೆಯಲ್ಲಿ ಒಂದಿಷ್ಟು ಗಾಳಿ ಸೇರಿದರೂ, ಅಲ್ಪ ಪ್ರಮಾಣದ ದ್ರವ ಸೋರಿದರೂ ಸ್ಲೇವ್ ಪಿಸ್ಟನಿನ ಚಲನೆ ಕುಗ್ಗಿ ಕ್ಲಚ್ ಪೂರ್ತಿಯಾಗಿ ಬಿಡುವುದಿಲ್ಲ.

ಹಿನ್ನೆಲೆ

ವಾಹನಗಳಲ್ಲಿ ದ್ರವದ ಒತ್ತಡದ ಬಳಕೆ ಮೊದಲು ಜನಪ್ರಿಯವಾದದ್ದು ಬ್ರೇಕುಗಳಲ್ಲಿ. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಮಾಡೆಲ್ ಎ ಕಾರು ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕುಗಳೊಂದಿಗೆ ಮಾರುಕಟ್ಟೆಗೆ ಬಂದಿತು. ಅದೇ ತತ್ತ್ವ, ಬಹುಪಾಲು ಅದೇ ಬಗೆಯ ಸಿಲಿಂಡರುಗಳು ಮತ್ತು ಅದೇ ದ್ರವ ಮುಂದೆ ಕ್ಲಚ್ಚಿಗೂ ಬಂದವು. ಕೇಬಲ್ ಅಥವಾ ಸರಳುಗಳ ಜೋಡಣೆಗೆ ಹೋಲಿಸಿದರೆ ಕೊಳವೆಯನ್ನು ಎಂಜಿನ್ ಕೋಣೆಯ ಯಾವ ಮೂಲೆಯಿಂದಲಾದರೂ ಒಯ್ಯಬಹುದು. ಎಂಜಿನ್ ಅಲುಗಾಡಿದರೂ ಪೆಡಲಿಗೆ ಅದರ ಪರಿಣಾಮ ತಟ್ಟುವುದಿಲ್ಲ. ಕ್ಲಚ್ ಪ್ಲೇಟ್ ಸವೆದಂತೆ ವ್ಯವಸ್ಥೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಇತ್ತೀಚೆಗೆ ಪೆಡಲ್ ಇಲ್ಲದ ಕ್ಲಚ್ಚುಗಳಲ್ಲಿಯೂ ಹೈಡ್ರಾಲಿಕ್ ಭಾಗಗಳು ಬಳಕೆಯಲ್ಲಿವೆ. 2020ರಲ್ಲಿ ಭಾರತದಲ್ಲಿ ಹ್ಯುಂಡೈ ವೆನ್ಯೂ ಕಾರಿನಲ್ಲಿ ಬಂದ ಐಎಂಟಿ ವ್ಯವಸ್ಥೆಯಲ್ಲಿ ಗೇರನ್ನು ಚಾಲಕನೇ ಬದಲಿಸುತ್ತಾನೆ, ಕ್ಲಚ್ಚನ್ನು ವಿದ್ಯುತ್ ನಿಯಂತ್ರಿತ ಸಾಧನವು ದ್ರವದ ಮೂಲಕ ಒತ್ತುತ್ತದೆ.

ಸ್ಲೇವ್ ಸಿಲಿಂಡರಿನ ಸ್ಥಾನ

ಮರುಬಳಕೆಯ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಸ್ಲೇವ್ ಸಿಲಿಂಡರ್ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ.

ಹೊರಗಿನ ಸ್ಲೇವ್ ಸಿಲಿಂಡರ್: ಇದನ್ನು ಬೆಲ್ ಹೌಸಿಂಗಿನ ಹೊರಮೈಗೆ ಬೋಲ್ಟುಗಳಿಂದ ಬಿಗಿಯಲಾಗುತ್ತದೆ. ಇದರ ಪಿಸ್ಟನ್ ಒಂದು ಕ್ಲಚ್ ಫೋರ್ಕನ್ನು ತಳ್ಳುತ್ತದೆ; ಫೋರ್ಕ್ ಒಳಗಿರುವ ರಿಲೀಸ್ ಬೇರಿಂಗನ್ನು ಒತ್ತುತ್ತದೆ. ಗೇರ್‌ಬಾಕ್ಸನ್ನು ಇಳಿಸದೆಯೇ ಈ ಸಿಲಿಂಡರನ್ನು ಬಿಚ್ಚಬಹುದು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರಿನಲ್ಲಿ ಈ ವಿನ್ಯಾಸವಿದೆ.

ಏಕಕೇಂದ್ರೀಯ ಸ್ಲೇವ್ ಸಿಲಿಂಡರ್: ಇದು ಉಂಗುರದ ಆಕಾರದಲ್ಲಿದ್ದು ಇನ್‌ಪುಟ್ ಶಾಫ್ಟಿನ ಸುತ್ತ, ಬೆಲ್ ಹೌಸಿಂಗಿನ ಒಳಗೆ ಕುಳಿತಿರುತ್ತದೆ. ರಿಲೀಸ್ ಬೇರಿಂಗ್ ಇದರ ಪಿಸ್ಟನಿಗೇ ಅಂಟಿಕೊಂಡಿರುವುದರಿಂದ ಫೋರ್ಕಿನ ಅಗತ್ಯವಿಲ್ಲ. ಒತ್ತಡವು ನೇರವಾಗಿ ಮತ್ತು ಸಮವಾಗಿ ಬೀಳುತ್ತದೆ, ಭಾಗಗಳ ಸಂಖ್ಯೆ ಕಡಿಮೆಯಾಗುತ್ತದೆ. ಆದರೆ ಸೋರಿಕೆ ಕಂಡರೆ ಗೇರ್‌ಬಾಕ್ಸನ್ನು ಇಳಿಸದೆ ಬೇರೆ ದಾರಿಯಿರುವುದಿಲ್ಲ.

ಒಂದೇ ಮಾದರಿಯ ವಾಹನದಲ್ಲಿ ಈ ಎರಡೂ ಬಗೆಗಳು ಬಂದಿರುವುದುಂಟು. ಅಮೆರಿಕದ ಜೀಪ್ ಚೆರೋಕೀ ಎಕ್ಸ್‌ಜೆ ಮಾದರಿಯಲ್ಲಿ ಮೊದಲು ಒಳಗಿನ ಏಕಕೇಂದ್ರೀಯ ಸಿಲಿಂಡರ್ ಇತ್ತು. 1994ರ ಮಾದರಿಯಿಂದ ಹೊರಗಿನ ಸಿಲಿಂಡರ್ ಬಂದಿತು. ಹಾಗೆಯೇ ಏಕಕೇಂದ್ರೀಯ ಸಿಲಿಂಡರಿದ್ದರೂ ಸುಲಭವಾಗಿ ಕೈಗೆ ಸಿಗುವ ವಿನ್ಯಾಸಗಳೂ ಇವೆ. ಸ್ವೀಡನ್ನಿನ ಹಳೆಯ ಸಾಬ್ 900 ಕಾರಿನಲ್ಲಿ ಎಂಜಿನನ್ನು ಹಿಂದುಮುಂದಾಗಿ ಕೂರಿಸಿದ್ದರಿಂದ ಕ್ಲಚ್ ಕಾರಿನ ಮುಂಭಾಗದಲ್ಲಿರುತ್ತಿತ್ತು. ಎಂಜಿನ್ ಅಥವಾ ಗೇರ್‌ಬಾಕ್ಸನ್ನು ಇಳಿಸದೆಯೇ ಕ್ಲಚ್ ಮತ್ತು ಸ್ಲೇವ್ ಸಿಲಿಂಡರನ್ನು ಬದಲಿಸಬಹುದಾಗಿತ್ತು. ಅಂದರೆ ಭಾಗದ ಹೆಸರಿಗಿಂತ ಅದನ್ನು ತಲುಪಲು ಬೇಕಾದ ಶ್ರಮವೇ ಮುಖ್ಯ.

ಭಾಗಗಳು ಹಾಳಾಗುವ ಬಗೆ

ಹೈಡ್ರಾಲಿಕ್ ಭಾಗಗಳು ಮೂರು ಮುಖ್ಯ ಕಾರಣಗಳಿಂದ ಕೆಡುತ್ತವೆ.

ಮೊದಲನೆಯದು ರಬ್ಬರಿನ ಮುಪ್ಪು. ಸೀಲುಗಳು ಬಿಸಿ, ಘರ್ಷಣೆ ಮತ್ತು ಕಾಲದಿಂದ ಗಟ್ಟಿಯಾಗಿ ಅಂಚು ಸವೆಯುತ್ತವೆ. ಬೆಲ್ ಹೌಸಿಂಗಿನ ಒಳಗಿರುವ ಸೀಲುಗಳಿಗೆ ಕ್ಲಚ್ಚಿನ ಬಿಸಿ ನೇರವಾಗಿ ತಟ್ಟುತ್ತದೆ.

ಎರಡನೆಯದು ತೇವಾಂಶ. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ, ಲೋಹದ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿದು ಸಣ್ಣ ಗುಳಿಗಳು ಬೀಳುತ್ತವೆ. ಆ ಗುಳಿಗಳ ಮೇಲೆ ಪದೇ ಪದೇ ಓಡಾಡುವ ಸೀಲು ಹರಿಯುತ್ತದೆ.

ಮೂರನೆಯದು ಧೂಳು. ಕ್ಲಚ್ ಪ್ಲೇಟ್ ಸವೆಯುವಾಗ ಹುಟ್ಟುವ ನುಣ್ಣನೆಯ ಪುಡಿ ಬೆಲ್ ಹೌಸಿಂಗಿನ ಒಳಗೆಲ್ಲ ಹರಡಿ ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕಿನೊಳಗೂ ಸೇರುತ್ತದೆ.

ಹೊಸ ಕ್ಲಚ್ ಪ್ಲೇಟ್, ಹಳೆಯ ಸೀಲ್

ಗೇರ್‌ಬಾಕ್ಸ್ ಇಳಿಸುವಾಗ ಒಂದಿಷ್ಟೂ ಸೋರದಿದ್ದ ಸ್ಲೇವ್ ಸಿಲಿಂಡರ್ ಹೊಸ ಕ್ಲಚ್ ಹಾಕಿದ ಮೇಲೆ ಸೋರತೊಡಗುವುದು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರು. ಇದನ್ನು ಹಲವರು ದುರದೃಷ್ಟವೆಂದೋ ಕೆಲಸಗಾರನ ತಪ್ಪೆಂದೋ ಭಾವಿಸುತ್ತಾರೆ. ಆದರೆ ಇದಕ್ಕೆ ಯಾಂತ್ರಿಕ ಕಾರಣವಿದೆ.

ಕ್ಲಚ್ ಪ್ಲೇಟ್ ತೆಳುವಾದಂತೆ ಪ್ರೆಶರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳು ಗೇರ್‌ಬಾಕ್ಸಿನ ಕಡೆಗೆ ಬಾಗುತ್ತವೆ. ಅವು ರಿಲೀಸ್ ಬೇರಿಂಗನ್ನು ಹಿಂದಕ್ಕೆ ತಳ್ಳುವುದರಿಂದ ಸ್ಲೇವ್ ಪಿಸ್ಟನ್ ವರ್ಷದಿಂದ ವರ್ಷಕ್ಕೆ ಸಿಲಿಂಡರಿನ ಇನ್ನಷ್ಟು ಆಳದಲ್ಲಿ ಕೆಲಸ ಮಾಡತೊಡಗುತ್ತದೆ. ಆಗ ಸಿಲಿಂಡರಿನ ಹೊರತುದಿಯ ಭಾಗವನ್ನು ಸೀಲು ಮುಟ್ಟುವುದೇ ಇಲ್ಲ. ಅಲ್ಲಿ ಕ್ಲಚ್ಚಿನ ಪುಡಿ, ತೇವ ಮತ್ತು ತುಕ್ಕು ಕೂಡುತ್ತವೆ. ಹೊಸ ದಪ್ಪ ಕ್ಲಚ್ ಪ್ಲೇಟ್ ಹಾಕಿದ ಕ್ಷಣದಲ್ಲಿ ಬೆರಳುಗಳು ಮತ್ತೆ ಎಂಜಿನ್ನಿನ ಕಡೆಗೆ ಸರಿಯುತ್ತವೆ, ಪಿಸ್ಟನ್ ಹೊರಕ್ಕೆ ಬರುತ್ತದೆ. ವರ್ಷಗಳಿಂದ ನಯವಾದ ಜಾಗದಲ್ಲಿ ಓಡಾಡಿ ಸವೆದಿದ್ದ ಹಳೆಯ ಸೀಲು ಈಗ ಕೊಳೆ ಕಟ್ಟಿದ ಒರಟು ಜಾಗದ ಮೇಲೆ ಉಜ್ಜತೊಡಗುತ್ತದೆ. ಹೀಗಾಗಿ ಬಿಚ್ಚುವಾಗ ಚೆನ್ನಾಗಿತ್ತು ಎಂಬುದು ಮುಂದೆಯೂ ಚೆನ್ನಾಗಿರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಸವೆತವನ್ನು ತಾನೇ ಸರಿದೂಗಿಸಿಕೊಳ್ಳುವ ಪ್ರೆಶರ್ ಪ್ಲೇಟುಗಳಲ್ಲಿ ಬೆರಳುಗಳ ಸ್ಥಾನ ಹೆಚ್ಚು ಬದಲಾಗುವುದಿಲ್ಲ. ಅಂಥ ಕಾರುಗಳಲ್ಲಿ ಈ ನಿರ್ದಿಷ್ಟ ಕಾರಣ ಅಷ್ಟಾಗಿ ಅನ್ವಯಿಸದಿದ್ದರೂ ರಬ್ಬರಿನ ಮುಪ್ಪು ಮತ್ತು ಬೇರಿಂಗಿನ ಸವೆತ ಉಳಿದೇ ಇರುತ್ತವೆ.

ದೋಷದ ಲಕ್ಷಣಗಳು

ಗೇರ್‌ಬಾಕ್ಸನ್ನು ಇಳಿಸುವ ಮೊದಲೇ ಹೈಡ್ರಾಲಿಕ್ ಭಾಗಗಳನ್ನು ಪರೀಕ್ಷಿಸುವುದು ಒಳ್ಳೆಯ ರೂಢಿ. ಬಿಚ್ಚಿದ ಮೇಲೆ ಪೆಡಲ್ ತುಳಿದು ನೋಡುವ ಅವಕಾಶವಿರುವುದಿಲ್ಲ. ಸಾಮಾನ್ಯ ಲಕ್ಷಣಗಳು ಹೀಗಿವೆ:

• ಎಂಜಿನ್ ಚಾಲೂ ಇರುವಾಗ ಗೇರ್ ಬೀಳಲು ಕಷ್ಟವಾಗಿ, ಎಂಜಿನ್ ನಿಲ್ಲಿಸಿದಾಗ ಸಲೀಸಾಗಿ ಬಿದ್ದರೆ ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ ಎಂದರ್ಥ. ರಿವರ್ಸ್ ಗೇರಿಗೆ ಹಾಕುವಾಗ ಕೇಳುವ ಕರಕರ ಸದ್ದೂ ಇದೇ ಸೂಚನೆ ನೀಡುತ್ತದೆ.
• ಪೆಡಲ್ ಮೆತ್ತಗೆ, ಸ್ಪಂಜಿನಂತೆ ಇದ್ದು, ಎರಡು ಮೂರು ಬಾರಿ ತುಳಿದ ಮೇಲೆ ಸರಿಹೋದರೆ ದ್ರವದಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು.
• ಪೆಡಲನ್ನು ತುಳಿದು ಹಿಡಿದಿರುವಾಗಲೇ ಕಾರು ನಿಧಾನವಾಗಿ ಮುಂದೆ ಸರಿಯತೊಡಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೀಲನ್ನು ದಾಟಿ ದ್ರವ ಹಿಂದಕ್ಕೆ ಹೋಗುತ್ತಿರಬಹುದು.
• ಪೆಡಲಿನ ಬಳಿ ಒಳಗೋಡೆಯ ಮೇಲೆ ಅಥವಾ ಕಾಲುಹಾಸಿನ ಮೇಲೆ ತೇವ ಕಂಡರೆ ಮಾಸ್ಟರ್ ಸಿಲಿಂಡರಿನ ಹಿಂಬದಿ ಸೀಲು ಸೋರುತ್ತಿದೆ.
• ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ಹನಿ ಬೀಳುತ್ತಿದ್ದರೆ ಏಕಕೇಂದ್ರೀಯ ಸ್ಲೇವ್ ಸಿಲಿಂಡರಿನ ಮೇಲೆ ಸಂಶಯಪಡಬೇಕು.
• ಪೆಡಲ್ ತುಳಿದಾಗ ಮಾತ್ರ ಗುಂಯ್‌ಗುಡುವ ಅಥವಾ ಕೆರೆಯುವ ಸದ್ದು ಬಂದರೆ ರಿಲೀಸ್ ಬೇರಿಂಗ್ ಸವೆದಿರುವ ಸಂಭವವಿದೆ.

ಬೆಲ್ ಹೌಸಿಂಗಿನಿಂದ ಸೋರುವ ದ್ರವ ಯಾವುದೆಂದು ಗುರುತಿಸುವುದು ಅವಶ್ಯಕ. ಬ್ರೇಕ್ ಆಯಿಲ್ ನೀರಿನಂತೆ ತೆಳುವಾಗಿದ್ದು ಬಣ್ಣ ಬಳಿದ ಮೈಯನ್ನು ತಿನ್ನುತ್ತದೆ. ಎಂಜಿನ್ ಆಯಿಲ್ ಕಪ್ಪಾಗಿ ಜಿಡ್ಡಾಗಿದ್ದು ಕ್ರ್ಯಾಂಕ್‌ಶಾಫ್ಟಿನ ಹಿಂಬದಿ ಸೀಲಿನಿಂದ ಬರುತ್ತದೆ. ಗೇರ್ ಆಯಿಲಿಗೆ ಗಂಧಕದ ಕಟುವಾಸನೆ ಇರುವುದು ಸಾಮಾನ್ಯ. ಅದು ಇನ್‌ಪುಟ್ ಶಾಫ್ಟಿನ ಸೀಲಿನಿಂದ ಬರುತ್ತದೆ. ತಪ್ಪು ಗುರುತಿಸಿದರೆ ಸರಿಯಿರುವ ಭಾಗ ಬದಲಾಗಿ ಕೆಟ್ಟ ಭಾಗ ಒಳಗೇ ಉಳಿಯುತ್ತದೆ.

ನಿರ್ಧಾರದ ಮಾನದಂಡಗಳು

ಒಂದು ಭಾಗವನ್ನು ಉಳಿಸಿಕೊಳ್ಳಬೇಕೋ ಬದಲಿಸಬೇಕೋ ಎಂಬುದನ್ನು ಮೂರು ಪ್ರಶ್ನೆಗಳಿಂದ ತೂಗಿ ನೋಡಬಹುದು. ಒಂದು, ಈ ಭಾಗ ಮುಂದೆ ಕೆಟ್ಟರೆ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಗುತ್ತದೆಯೇ? ಎರಡು, ಇದರ ಬಾಳಿಕೆ ಕ್ಲಚ್ ಪ್ಲೇಟಿನ ಬಾಳಿಕೆಯ ಜೊತೆಗೇ ಮುಗಿಯುವಂಥದೇ? ಮೂರು, ಇದು ಕೆಟ್ಟರೆ ಬೇರೆ ಭಾಗಗಳೂ ಹಾಳಾಗುತ್ತವೆಯೇ?

ಏಕಕೇಂದ್ರೀಯ ಸ್ಲೇವ್ ಸಿಲಿಂಡರಿನ ವಿಷಯದಲ್ಲಿ ಮೂರಕ್ಕೂ ಉತ್ತರ ಹೌದು. ಅದನ್ನು ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಅದರ ಬೇರಿಂಗ್ ಕ್ಲಚ್ ಪ್ಲೇಟಿನಷ್ಟೇ ದುಡಿದಿರುತ್ತದೆ. ಅದು ಸೋರಿದರೆ ದ್ರವ ಹೊಸ ಕ್ಲಚ್ ಪ್ಲೇಟಿನ ಮೇಲೆ ಸಿಡಿಯುತ್ತದೆ. ದ್ರವವನ್ನು ಹೀರಿದ ಕ್ಲಚ್ ಪ್ಲೇಟ್ ಜಾರುತ್ತದೆ ಅಥವಾ ಕಾರು ಹೊರಡುವಾಗ ನಡುಗುವಂತೆ ಮಾಡುತ್ತದೆ, ಒರೆಸಿದರೂ ಸರಿಹೋಗುವುದಿಲ್ಲ. ಆದ್ದರಿಂದಲೇ ಕ್ಲಚ್ ತಯಾರಕರು ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಮತ್ತು ಏಕಕೇಂದ್ರೀಯ ಸ್ಲೇವ್ ಸಿಲಿಂಡರ್ ಮೂರನ್ನೂ ಸೇರಿಸಿದ ಕಿಟ್‌ಗಳನ್ನು ಮಾರುತ್ತಾರೆ. 1965ರಲ್ಲಿ ಜರ್ಮನಿಯ ಬ್ಯೂಲ್ ಪಟ್ಟಣದಲ್ಲಿ ಆರಂಭವಾದ ಲುಕ್ ಸಂಸ್ಥೆಯ ರೆಪ್‌ಸೆಟ್ ಪ್ರೊ ಇಂಥ ಕಿಟ್‌ಗಳಲ್ಲೊಂದು.

ಹೊರಗಿನ ಸ್ಲೇವ್ ಸಿಲಿಂಡರ್ ಮತ್ತು ಮಾಸ್ಟರ್ ಸಿಲಿಂಡರುಗಳ ವಿಷಯ ಬೇರೆ. ಅವುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಸೋರಿಕೆ ಇಲ್ಲದೆ, ರಬ್ಬರ್ ಮುಸುಕಿನ ಒಳಗೆ ಒಣಗಿದ್ದು, ದ್ರವ ತಿಳಿಯಾಗಿದ್ದರೆ ಅವುಗಳನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಬಿಡಿಭಾಗವಾರು ರೂಢಿ

• ಏಕಕೇಂದ್ರೀಯ ಸ್ಲೇವ್ ಸಿಲಿಂಡರ್: ಕ್ಲಚ್ ಬದಲಿಸುವಾಗಲೆಲ್ಲ ಬದಲಿಸುವುದು ವಾಡಿಕೆ. ಇತ್ತೀಚೆಗಷ್ಟೇ ಹಾಕಿದ್ದು, ಬೇರೊಂದು ಕಾರಣಕ್ಕೆ ಗೇರ್‌ಬಾಕ್ಸ್ ಇಳಿಸಿದ್ದರೆ ಮಾತ್ರ ಮರುಬಳಕೆಯನ್ನು ಯೋಚಿಸಬಹುದು.
• ರಿಲೀಸ್ ಬೇರಿಂಗ್: ಕ್ಲಚ್ ಜೊತೆಗೇ ಬದಲಿಸಲಾಗುತ್ತದೆ. ಇದರೊಳಗೆ ಗ್ರೀಸ್ ತುಂಬಿ ಮುಚ್ಚಿರುವುದರಿಂದ ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆದರೆ ಗ್ರೀಸ್ ಕರಗಿ ಬೇರಿಂಗ್ ಬೇಗ ಹಾಳಾಗುತ್ತದೆ.
• ಹೊರಗಿನ ಸ್ಲೇವ್ ಸಿಲಿಂಡರ್: ಮುಸುಕನ್ನು ಎತ್ತಿ ನೋಡಿ ತೇವವಿದ್ದರೆ ಬದಲಿಸಬೇಕು. ಒಣಗಿದ್ದರೆ ಉಳಿಸಿಕೊಳ್ಳಬಹುದು, ಆದರೆ ಹೊಸ ಕ್ಲಚ್ ಹಾಕಿದ ನಂತರದ ದಿನಗಳಲ್ಲಿ ಗಮನಿಸುತ್ತಿರಬೇಕು.
• ಮಾಸ್ಟರ್ ಸಿಲಿಂಡರ್: ಲಕ್ಷಣಗಳಿದ್ದರೆ ಮಾತ್ರ ಬದಲಾವಣೆ. ಮಾಸ್ಟರ್ ಮತ್ತು ಸ್ಲೇವ್ ಒಂದೇ ವಯಸ್ಸಿನವಾಗಿದ್ದು ಒಂದು ಸೋರಿದ್ದರೆ ಇನ್ನೊಂದೂ ಹತ್ತಿರದಲ್ಲೇ ಸೋರುವ ಸಂಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ.
• ಲೋಹದ ಕೊಳವೆ: ತುಕ್ಕು, ಮಡಿಕೆ ಅಥವಾ ನಟ್ಟಿನ ಅಂಚು ಸವೆದಿರುವುದು ಕಾಣದಿದ್ದರೆ ಮರುಬಳಕೆಗೆ ಯೋಗ್ಯ.
• ರಬ್ಬರ್ ಕೊಳವೆ: ಬಿರುಕು ಬಿಟ್ಟಿದ್ದರೆ, ಮೆತ್ತಗಾಗಿದ್ದರೆ ಅಥವಾ ಪೆಡಲ್ ತುಳಿದಾಗ ಉಬ್ಬಿದರೆ ಬದಲಿಸಬೇಕು. ಉಬ್ಬುವ ಕೊಳವೆಯು ಗಾಳಿ ಸೇರಿದಂತೆಯೇ ಪೆಡಲನ್ನು ಮೆತ್ತಗಾಗಿಸಿ ಕೆಲಸಗಾರರನ್ನು ದಾರಿ ತಪ್ಪಿಸುತ್ತದೆ.
• ಓ-ರಿಂಗ್ ಮತ್ತು ತಾಮ್ರದ ವಾಷರ್: ಬಿಚ್ಚಿದಾಗಲೆಲ್ಲ ಹೊಸದನ್ನು ಹಾಕಬೇಕು. ಕ್ಲಿಪ್ಪಿನಿಂದ ಜೋಡಿಸುವ ಕೊಳವೆಗಳಲ್ಲಿ ಈ ಚಿಕ್ಕ ಉಂಗುರವೇ ಸೋರಿಕೆಯನ್ನು ತಡೆಯುವ ಏಕೈಕ ಭಾಗವಾಗಿರುತ್ತದೆ.
• ಇನ್‌ಪುಟ್ ಶಾಫ್ಟ್ ಸೀಲು ಮತ್ತು ಕ್ರ್ಯಾಂಕ್‌ಶಾಫ್ಟಿನ ಹಿಂಬದಿ ಸೀಲು: ಇವು ಹೈಡ್ರಾಲಿಕ್ ಭಾಗಗಳಲ್ಲ. ಆದರೂ ಗೇರ್‌ಬಾಕ್ಸ್ ಇಳಿದಿರುವಾಗ ಮಾತ್ರ ಸಿಗುವುದರಿಂದ ಇದೇ ಲೆಕ್ಕಾಚಾರಕ್ಕೆ ಒಳಪಡುತ್ತವೆ.
• ದ್ರವ: ಒಮ್ಮೆ ಹೊರತೆಗೆದ ಬ್ರೇಕ್ ಆಯಿಲನ್ನು ಎಂದಿಗೂ ಮತ್ತೆ ಬಳಸುವಂತಿಲ್ಲ.

ಸೀಲ್ ಕಿಟ್ ಮೂಲಕ ದುರಸ್ತಿ

ಹಳೆಯ ವಾಹನಗಳ ಎರಕದ ಕಬ್ಬಿಣದ ಸಿಲಿಂಡರುಗಳಿಗೆ ರಬ್ಬರ್ ಸೀಲುಗಳ ಕಿಟ್ ಮಾತ್ರ ಹಾಕಿ ದುರಸ್ತಿ ಮಾಡುವ ಪದ್ಧತಿ ದೀರ್ಘಕಾಲದಿಂದ ಇದೆ. ಒಳಗೋಡೆ ಕನ್ನಡಿಯಂತೆ ನಯವಾಗಿದ್ದಾಗ ಮಾತ್ರ ಇದು ಫಲ ಕೊಡುತ್ತದೆ. ಉಗುರಿಗೆ ತಗಲುವಷ್ಟು ಗೀರು ಅಥವಾ ಗುಳಿ ಇದ್ದರೆ ಹೊಸ ಸೀಲು ಕೂಡ ಬೇಗ ಹರಿಯುತ್ತದೆ. ಅಲ್ಯೂಮಿನಿಯಂ ಸಿಲಿಂಡರುಗಳ ಒಳಮೈಗೆ ಗಟ್ಟಿಯಾದ ರಕ್ಷಣಾ ಪದರವಿರುವುದುಂಟು. ಅದನ್ನು ಉಜ್ಜಿ ನಯಗೊಳಿಸಲು ಹೋದರೆ ಪದರ ಕಿತ್ತುಹೋಗಿ ಸವೆತ ಹೆಚ್ಚುತ್ತದೆ. ಪ್ಲಾಸ್ಟಿಕ್ ಸಿಲಿಂಡರುಗಳನ್ನು ಮತ್ತು ಏಕಕೇಂದ್ರೀಯ ಸಿಲಿಂಡರುಗಳನ್ನು ಸಾಮಾನ್ಯವಾಗಿ ಬಿಚ್ಚಿ ದುರಸ್ತಿ ಮಾಡಲಾಗುವುದಿಲ್ಲ. ತಯಾರಿಕೆ ನಿಂತುಹೋದ ಹಳೆಯ ಕಾರುಗಳ ವಿಷಯದಲ್ಲಿ ಸಿಲಿಂಡರಿನ ಒಳಗೆ ತುಕ್ಕು ಹಿಡಿಯದ ಉಕ್ಕಿನ ಅಥವಾ ಹಿತ್ತಾಳೆಯ ತೋಳು ಕೂರಿಸಿ ಉಳಿಸಿಕೊಳ್ಳುವ ಕ್ರಮವೂ ಇದೆ.

ದ್ರವದ ಆಯ್ಕೆ

ಹೆಚ್ಚಿನ ಕಾರುಗಳ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಬ್ರೇಕ್ ಆಯಿಲನ್ನೇ ಬಳಸಲಾಗುತ್ತದೆ. ಅಮೆರಿಕದ ಮಾನಕದ ಪ್ರಕಾರ ಡಾಟ್ 3 ದ್ರವದ ಕುದಿಯುವ ಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಸ್ಥಿತಿಯಲ್ಲಿ ಕನಿಷ್ಠ 140 ಡಿಗ್ರಿ ಇರಬೇಕು. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180 ಡಿಗ್ರಿ. ಈ ಮೂರೂ ಗ್ಲೈಕಾಲ್ ಆಧಾರಿತ. ಡಾಟ್ 5 ಸಿಲಿಕೋನ್ ಆಧಾರಿತವಾದದ್ದು; ಹೆಸರಿನಲ್ಲಿ ಹೋಲಿಕೆಯಿದ್ದರೂ ಅದನ್ನು ಉಳಿದವುಗಳ ಜೊತೆ ಬೆರೆಸಬಾರದು.

ಕೆಲವು ವಾಹನಗಳು ಖನಿಜ ತೈಲ ಆಧಾರಿತ ದ್ರವವನ್ನು ಬಳಸುತ್ತವೆ. ಸಿಟ್ರೊಯೆನ್ ಕಾರುಗಳಲ್ಲಿ ಬಳಕೆಗೆ ಬಂದ ಎಲ್‌ಎಚ್‌ಎಂ ಎಂಬ ಹಸಿರು ದ್ರವ ಈ ಬಗೆಯದು. ಗ್ಲೈಕಾಲ್ ದ್ರವಕ್ಕೆಂದು ಮಾಡಿದ ರಬ್ಬರ್ ಸೀಲುಗಳು ಖನಿಜ ತೈಲ ತಾಗಿದರೆ ಉಬ್ಬಿ ಮೆತ್ತಗಾಗುತ್ತವೆ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಅಥವಾ ಸಾಮಾನ್ಯ ಗ್ರೀಸಿನ ಅಲ್ಪ ಪ್ರಮಾಣವೂ ಇದೇ ಹಾನಿ ಮಾಡಬಲ್ಲದು. ತಪ್ಪು ದ್ರವ ಸೇರಿದ ವ್ಯವಸ್ಥೆಯಲ್ಲಿ ಯಾವ ರಬ್ಬರ್ ಭಾಗವೂ ಮರುಬಳಕೆಗೆ ತಕ್ಕದ್ದಲ್ಲ. ಎಲ್ಲ ಸೀಲುಗಳನ್ನೂ ರಬ್ಬರ್ ಕೊಳವೆಗಳನ್ನೂ ಬದಲಿಸಿ ಲೋಹದ ಕೊಳವೆಗಳನ್ನು ತೊಳೆಯಬೇಕಾಗುತ್ತದೆ. ದ್ರವದ ತೊಟ್ಟಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನು ಪಾಲಿಸುವುದೇ ಸುರಕ್ಷಿತ ಮಾರ್ಗ.

ಜೋಡಣೆಯ ಎಚ್ಚರಿಕೆಗಳು

ಹೊಸ ಭಾಗ ಹಾಕಿದ ಮೇಲೂ ಕೆಲಸ ಕೆಡುವುದಕ್ಕೆ ಜೋಡಣೆಯ ತಪ್ಪುಗಳೇ ಹೆಚ್ಚಾಗಿ ಕಾರಣ.

ಹೊರಗಿನ ಸ್ಲೇವ್ ಸಿಲಿಂಡರನ್ನು ಕೊಳವೆ ಬಿಚ್ಚದೆ ಬದಿಗೆ ಕಟ್ಟಿ ಗೇರ್‌ಬಾಕ್ಸ್ ಇಳಿಸುವುದು ಸಾಮಾನ್ಯ ಪದ್ಧತಿ. ಆ ಸ್ಥಿತಿಯಲ್ಲಿ ಯಾರಾದರೂ ಕ್ಲಚ್ ಪೆಡಲ್ ತುಳಿದರೆ ತಡೆಯಿಲ್ಲದ ಪಿಸ್ಟನ್ ಸಿಲಿಂಡರಿನಿಂದ ಹೊರಗೆ ಬಂದುಬಿಡುತ್ತದೆ. ಏಕಕೇಂದ್ರೀಯ ಸಿಲಿಂಡರನ್ನು ಜೋಡಿಸುವ ಮೊದಲು ಕೈಯಿಂದ ಒತ್ತಿ ನೋಡುವುದೂ ತಪ್ಪು. ದ್ರವವಿಲ್ಲದೆ ಒಣಗಿರುವಾಗ ಒತ್ತಿದರೆ ಸೀಲಿನ ತುಟಿ ಮಡಚಿಕೊಳ್ಳಬಹುದು. ಅದರ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ತಯಾರಕರು ಹೇಳಿದ ಬಿಗಿತಕ್ಕೆ ಬಿಗಿಯಬೇಕು. ಪ್ಲಾಸ್ಟಿಕ್ ಮೈಯ ಸಿಲಿಂಡರುಗಳು ಒಂದು ಬದಿ ಹೆಚ್ಚು ಬಿಗಿದರೆ ಬಿರುಕು ಬಿಡುತ್ತವೆ.

ಗೇರ್‌ಬಾಕ್ಸನ್ನು ಮೇಲೆತ್ತಿ ಕೂರಿಸುವಾಗ ಅದರ ಭಾರವನ್ನು ಇನ್‌ಪುಟ್ ಶಾಫ್ಟಿನ ಮೇಲೆ ಬಿಡಬಾರದು. ಹಾಗೆ ಬಿಟ್ಟರೆ ಕ್ಲಚ್ ಪ್ಲೇಟ್ ಬಾಗುವುದಲ್ಲದೆ ಬೆರಳುಗಳ ನಡುವೆ ಸಿಕ್ಕ ರಿಲೀಸ್ ಬೇರಿಂಗ್ ಓರೆಯಾಗಿ ಸಿಲಿಂಡರಿನ ಮೇಲೆ ಒತ್ತಡ ಬೀಳುತ್ತದೆ. ರಬ್ಬರ್ ಸೀಲುಗಳಿಗೆ ಸ್ವಚ್ಛವಾದ ಬ್ರೇಕ್ ಆಯಿಲನ್ನು ಮಾತ್ರ ಸವರಬೇಕು. ಸಿಲಿಂಡರನ್ನು ಪೆಟ್ರೋಲಿನಿಂದ ತೊಳೆಯಬಾರದು.

ಮಾಸ್ಟರ್ ಸಿಲಿಂಡರಿನ ಪುಶ್ ರಾಡ್ ಮತ್ತು ಪಿಸ್ಟನಿನ ನಡುವೆ ತಯಾರಕರು ಸೂಚಿಸಿದಷ್ಟು ಸಣ್ಣ ಅಂತರ ಇರಬೇಕು. ಅಂತರವೇ ಇಲ್ಲದಿದ್ದರೆ ಪೆಡಲ್ ಬಿಟ್ಟಾಗಲೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ದ್ರವವು ತೊಟ್ಟಿಗೆ ಮರಳುವ ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಒತ್ತಡ ಉಳಿದುಕೊಂಡು ಹೊಸ ಕ್ಲಚ್ ಜಾರಿ ಸುಟ್ಟುಹೋಗುತ್ತದೆ. ಅಂತರ ಅತಿಯಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ.

ಗಾಳಿ ತೆಗೆಯುವುದು

ಕೊಳವೆ ಬಿಚ್ಚಿದ ಮೇಲೆ ವ್ಯವಸ್ಥೆಯಲ್ಲಿ ಸೇರಿದ ಗಾಳಿಯನ್ನು ಹೊರಹಾಕುವ ಕ್ರಿಯೆಗೆ ಬ್ಲೀಡಿಂಗ್ ಎನ್ನುತ್ತಾರೆ. ಇಬ್ಬರು ಸೇರಿ ಮಾಡುವ ಸಾಂಪ್ರದಾಯಿಕ ಕ್ರಮದಲ್ಲಿ ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಹಿಡಿಯುತ್ತಾರೆ. ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲನ್ನು ಸಡಿಲಿಸಿ ಗುಳ್ಳೆಗಳ ಸಹಿತ ದ್ರವವನ್ನು ಹೊರಬಿಟ್ಟು ಮತ್ತೆ ಬಿಗಿಯುತ್ತಾರೆ. ನಿಪ್ಪಲ್ ಮುಚ್ಚಿದ ನಂತರವೇ ಪೆಡಲನ್ನು ಬಿಡಬೇಕು, ಇಲ್ಲವಾದರೆ ಗಾಳಿ ಮತ್ತೆ ಒಳಸೇರುತ್ತದೆ. ತೊಟ್ಟಿಯಲ್ಲಿ ದ್ರವ ಬತ್ತದಂತೆ ನೋಡಿಕೊಳ್ಳಬೇಕು. ಏಕಕೇಂದ್ರೀಯ ಸಿಲಿಂಡರುಗಳಲ್ಲಿ ಗಾಳಿ ಮೇಲ್ಭಾಗದ ತಿರುವುಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಕೆಳಗಿನ ನಿಪ್ಪಲಿನಿಂದ ಮೇಲಕ್ಕೆ ದ್ರವವನ್ನು ತಳ್ಳುವ ವಿಧಾನವೂ ಬಳಕೆಯಲ್ಲಿದೆ. ಗುಳ್ಳೆಗಳು ಸಹಜವಾಗಿ ಮೇಲಕ್ಕೇ ಏರುತ್ತವೆ ಎಂಬುದು ಇದರ ಅನುಕೂಲ. ವಿದ್ಯುತ್ ನಿಯಂತ್ರಿತ ಕ್ಲಚ್ಚುಗಳಲ್ಲಿ ಈ ಕೆಲಸಕ್ಕೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಪರೀಕ್ಷಾ ಸಾಧನ ಬೇಕಾಗಬಹುದು.

ಎಷ್ಟು ಬಾರಿ ಗಾಳಿ ತೆಗೆದರೂ ಪೆಡಲ್ ಗಟ್ಟಿಯಾಗದಿದ್ದರೆ ಉಬ್ಬುವ ಕೊಳವೆ, ಮಾಸ್ಟರ್ ಸಿಲಿಂಡರಿನ ಒಳಸೋರಿಕೆ, ಪುಶ್ ರಾಡಿನ ಹೊಂದಾಣಿಕೆ ಇವನ್ನು ಪರೀಕ್ಷಿಸಬೇಕು. ಹೊಸ ಸ್ಲೇವ್ ಸಿಲಿಂಡರೇ ಕೆಟ್ಟಿದೆ ಎಂದು ಭಾವಿಸಿ ಗೇರ್‌ಬಾಕ್ಸನ್ನು ಮತ್ತೆ ಇಳಿಸುವುದು ಕೊನೆಯ ಹೆಜ್ಜೆಯಾಗಬೇಕು.

ಸುರಕ್ಷತೆ

ಅನೇಕ ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್ ಒಂದೇ ತೊಟ್ಟಿಯಿಂದ ದ್ರವ ಪಡೆಯುತ್ತವೆ. ಕ್ಲಚ್ ಸೋರಿದಾಗ ಬ್ರೇಕಿನ ದ್ರವವೂ ಖಾಲಿಯಾಗದಿರಲೆಂದು ಕ್ಲಚ್ಚಿನ ಕೊಳವೆಯನ್ನು ತೊಟ್ಟಿಯ ಮೇಲಿನ ಭಾಗಕ್ಕೆ ಜೋಡಿಸಲಾಗಿರುತ್ತದೆ. ಆದರೂ ಇಂಥ ಕಾರುಗಳಲ್ಲಿ ಕ್ಲಚ್ಚಿನ ಸೋರಿಕೆಯನ್ನು ಲಘುವಾಗಿ ಪರಿಗಣಿಸಿ, ಆಗಾಗ ದ್ರವ ತುಂಬಿಸುತ್ತ ಓಡಿಸುವುದು ಅಪಾಯಕರ. ತೊಟ್ಟಿಯಲ್ಲಿ ಮಟ್ಟ ಇಳಿಯಲು ಕಾರಣ ಬ್ರೇಕಿನದೋ ಕ್ಲಚ್ಚಿನದೋ ಎಂದು ಗುರುತಿಸದೆ ವಾಹನವನ್ನು ರಸ್ತೆಗೆ ಬಿಡಬಾರದು. ಕ್ಲಚ್ ಬಿಡದ ಕಾರು ವಾಹನದಟ್ಟಣೆಯಲ್ಲಿ ಅಥವಾ ರೈಲ್ವೆ ಹಳಿಗಳ ಮೇಲೆ ನಿಂತುಬಿಡುವ ಸಂಭವವೂ ಇದೆ.

ಬ್ರೇಕ್ ಆಯಿಲ್ ಕಣ್ಣಿಗೂ ಚರ್ಮಕ್ಕೂ ಹಾನಿಕರ, ಕಾರಿನ ಬಣ್ಣವನ್ನೂ ಕೀಳುತ್ತದೆ. ಬಿದ್ದ ಕೂಡಲೇ ನೀರಿನಿಂದ ತೊಳೆಯಬೇಕು. ಹಳೆಯ ವಾಹನಗಳ ಕ್ಲಚ್ ಪ್ಲೇಟಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಬೆಲ್ ಹೌಸಿಂಗಿನ ಪುಡಿಯನ್ನು ಗಾಳಿಯೂದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಾರನ್ನು ಜಾಕಿನ ಮೇಲಷ್ಟೇ ನಿಲ್ಲಿಸಿ ಕೆಳಗೆ ಹೋಗಬಾರದು. ಗಟ್ಟಿ ಆಧಾರಸ್ತಂಭಗಳ ಮೇಲೆ ಕೂರಿಸಬೇಕು. ಹಳೆಯ ದ್ರವವನ್ನು ಚರಂಡಿಗೆ ಅಥವಾ ಮಣ್ಣಿಗೆ ಸುರಿಯದೆ ಸಂಗ್ರಹಿಸಿ ವಿಲೇವಾರಿ ಮಾಡಬೇಕು.

ಪರ ಮತ್ತು ವಿರೋಧದ ವಾದಗಳು

ಒಳಗಿನ ಭಾಗಗಳನ್ನೆಲ್ಲ ಒಮ್ಮೆಗೇ ಬದಲಿಸಬೇಕೆನ್ನುವವರು ಮುಖ್ಯವಾಗಿ ದುಡಿಮೆಯ ಲೆಕ್ಕವನ್ನು ಮುಂದಿಡುತ್ತಾರೆ: ಗೇರ್‌ಬಾಕ್ಸ್ ಇಳಿಸಲು ತಗಲುವ ಶ್ರಮ ಒಂದೇ ಬಾರಿಗೆ ಮುಗಿಯಲಿ, ಎಲ್ಲ ಭಾಗಗಳ ವಯಸ್ಸೂ ಒಂದೇ ಆಗಿರಲಿ ಎಂಬುದು ಅವರ ನಿಲುವು.

ಇದಕ್ಕೆ ವಿರೋಧವಾಗಿ, ಬದಲಾವಣೆಯೇ ಸುರಕ್ಷತೆಯಲ್ಲ ಎಂಬ ವಾದವಿದೆ. ಮೂಲ ತಯಾರಿಕೆಯ ಒಳ್ಳೆಯ ಮಾಸ್ಟರ್ ಸಿಲಿಂಡರನ್ನು ತೆಗೆದು ಅಗ್ಗದ ನಕಲಿ ಭಾಗ ಹಾಕಿದರೆ ಕಾರಿನ ಸ್ಥಿತಿ ಮೊದಲಿಗಿಂತ ಕೆಡುತ್ತದೆ. ತುಕ್ಕು ಹಿಡಿದ ಹಳೆಯ ನಟ್ಟನ್ನು ಅನಗತ್ಯವಾಗಿ ಬಿಚ್ಚಲು ಹೋಗಿ ಸರಿಯಿದ್ದ ಕೊಳವೆ ಮುರಿಯುವುದೂ ಉಂಟು. ಗ್ರಾಹಕನಿಗೆ ಕಾರಣ ತಿಳಿಸದೆ ಎಲ್ಲವನ್ನೂ ಬದಲಿಸುವುದು ಅನವಶ್ಯಕ ಖರ್ಚಿಗೂ ಅಪನಂಬಿಕೆಗೂ ದಾರಿಮಾಡುತ್ತದೆ. ಗುಜರಿಯಿಂದ ತಂದ ಬಳಸಿದ ಹೈಡ್ರಾಲಿಕ್ ಭಾಗಗಳ ಬಗ್ಗೆ ಮಾತ್ರ ಎರಡೂ ಪಕ್ಷಗಳಲ್ಲಿ ಒಮ್ಮತವಿದೆ: ಅವುಗಳ ಸೀಲುಗಳ ವಯಸ್ಸಾಗಲಿ ಒಳಗೋಡೆಯ ಸ್ಥಿತಿಯಾಗಲಿ ಹೊರಗಿನಿಂದ ತಿಳಿಯದ ಕಾರಣ ಅವು ಯೋಗ್ಯ ಬದಲಿಯಲ್ಲ.

ಈ ಎರಡು ವಾದಗಳ ನಡುವೆ ರೂಢಿಯಲ್ಲಿ ನೆಲೆನಿಂತಿರುವ ಕ್ರಮವೆಂದರೆ ಬೆಲ್ ಹೌಸಿಂಗಿನ ಒಳಗಿರುವುದನ್ನು ವಯಸ್ಸು ನೋಡಿ, ಹೊರಗಿರುವುದನ್ನು ಸ್ಥಿತಿ ನೋಡಿ ಬದಲಿಸುವುದು. ತೆಗೆದ ಹಳೆಯ ಭಾಗಗಳನ್ನು ವಾಹನದ ಮಾಲೀಕರಿಗೆ ತೋರಿಸುವುದು ಕೂಡ ಒಳ್ಳೆಯ ಗ್ಯಾರೇಜುಗಳ ಪದ್ಧತಿಯಾಗಿದೆ.

ಇವನ್ನೂ ನೋಡಿ

• ಕ್ಲಚ್
• ಗೇರ್‌ಬಾಕ್ಸ್
• ಫ್ಲೈವೀಲ್
• ಬ್ರೇಕ್ ದ್ರವ
• ಪ್ಯಾಸ್ಕಲ್ ನಿಯಮ